ಕಲೆಗಾಗಿ ಒಳಗೆ ವಿಚಾರಿಸಿ

ಚಿತ್ರ ಬಿಡಿಸುವುದು ಗೊತ್ತು, ಮಾರುವುದು ಹೇಗೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಹಲ್ಲು ಕಟ್ಟುವುದನ್ನು ಕಲಿಯಿರಿ ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ಹಲ್ಲು ಕಿರಿಯುತ್ತಾರೆ. ಕಿರಿದ ಹಲ್ಲು ಸ್ವಂತದ್ದೋ ನಮ್ಮ ಮಾವ ಕಟ್ಟಿದ್ದೋ ಎಂದು ನಾನು ಒಮ್ಮೆ ನೋಡಿಕೊಳ್ಳುತ್ತೇನೆ. ಹದಿನಾಲ್ಕು ವರ್ಷ ಹಲ್ಲಿನ ಆಸ್ಪತ್ರೆಯಲ್ಲಿ ಕೂತು ಬಂದ ಚಾಳಿ ಇದು, ಇನ್ನು ಬಿಡುವುದಿಲ್ಲ.

ಮಾವ ಎಂದರೆ ನಮ್ಮಮ್ಮನ ತಮ್ಮ. ಆಸ್ಪತ್ರೆಯಲ್ಲಿ ಇರುವುದು ಮೂರೇ ಕೋಣೆ. ಮುಂದಿನದರಲ್ಲಿ ನಾನು ಬಂದವರ ಹೆಸರು ಬರೆದುಕೊಳ್ಳುತ್ತೇನೆ, ನಡುವಿನದರಲ್ಲಿ ಡಾಕ್ಟರಮ್ಮ ಹಲ್ಲು ಕೀಳುತ್ತಾರೆ, ಹಿಂದಿನದರಲ್ಲಿ ಮಾವ ಹಲ್ಲಿನ ಸೆಟ್ಟು ಕಟ್ಟುತ್ತಾರೆ. ಆ ಹಿಂದಿನ ಕೋಣೆಯ ಕಪಾಟಿನ ತುಂಬ ಪ್ಲಾಸ್ಟರಿನ ಬಾಯಿಗಳು, ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಬರೆದ ನಂಬರು. ಕಿಟಕಿಯ ಕೆಳಗೆ ಮೇಜು, ಅದರ ಮೇಲೆ ಮೇಣ ಕರಗಿಸುವ ಪುಟ್ಟ ದೀಪ, ಬಾಗಿದ ಚಾಕು, ಕೂದಲೆಳೆಯಂಥ ಕುಂಚ. ಗೋಡೆಗೆ ತೂಗುಹಾಕಿದ ಬಣ್ಣದ ಪಟ್ಟಿಯಲ್ಲಿ ಸಾಲಾಗಿ ಹದಿನಾರು ಹಲ್ಲು. ಹದಿನಾರೂ ಬಿಳಿ, ಹದಿನಾರೂ ಬೇರೆ ಬೇರೆ ಬಿಳಿ. ಬಂದವರ ಬಾಯಿಯ ಪಕ್ಕ ಅದನ್ನು ಹಿಡಿದು, ಹೊಂದುವ ಬಿಳಿ ಯಾವುದೆಂದು ಆರಿಸಬೇಕು. ನನ್ನ ಕಣ್ಣಿಗೆ ಅದರಲ್ಲಿ ಕಾಣುವುದು ಎರಡೇ ಬಣ್ಣ: ತೊಳೆದದ್ದು, ತೊಳೆಯದ್ದು. ಮಾವನಿಗೆ ಹದಿನಾರೂ ಸಾಲದು. ಎದುರಿಗೆ ಬಂದವರ ಬಿಳಿ ಅಂಗಿ ನೋಡಿ "ತೋಳು ಮೂರನೇ ನಂಬರು, ಕಾಲರು ಮಾತ್ರ ಆರು" ಎಂದು ತಮ್ಮಷ್ಟಕ್ಕೆ ಗೊಣಗಿಕೊಳ್ಳುವ ಮನುಷ್ಯ ಅವರು.

ಹಗಲೆಲ್ಲ ಬಿಳಿ ನೋಡಿದವರು ಮನೆಗೆ ಹೋದ ಮೇಲಾದರೂ ಕೆಂಪು, ಹಳದಿ ಏನಾದರೂ ನೋಡುತ್ತಾರೆಯೇ ಎಂದರೆ ಅದೂ ಇಲ್ಲ. ಬಾಲ್ಕನಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಮತ್ತೆ ಬಿಳಿಯನ್ನೇ ಬಿಡಿಸುತ್ತಾರೆ. ಹಗ್ಗದ ಮೇಲಿನ ಒದ್ದೆ ಟವೆಲು. ಒಡೆದ ಮೊಟ್ಟೆಯ ಸಿಪ್ಪೆ. ಸೋಪು ಕರಗಿ ಹರಡಿದ ಬಚ್ಚಲ ಮೂಲೆ. ಎದುರುಮನೆಯ ಗೋಡೆಯ ಮೇಲೆ ಅರ್ಧ ಗಂಟೆ ಮಾತ್ರ ನಿಲ್ಲುವ ಬಿಸಿಲು. ನನಗೆ ಚಿತ್ರಕಲೆಯ ಗಂಧಗಾಳಿ ಇಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೂ ಆ ಟವೆಲಿನ ಚಿತ್ರವನ್ನು ಮೊದಲು ನೋಡಿದಾಗ, ಕೈ ತೊಳೆದುಕೊಂಡು ಬಂದಿದ್ದ ನಾನು ಅದಕ್ಕೇ ಒರೆಸಲು ಹೋಗಿದ್ದೆ. ಮಾವ ಬೈಯಲಿಲ್ಲ. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಇಪ್ಪತ್ತೆರಡು ವರ್ಷ ಹೀಗೇ ಬಿಡಿಸಿದರು. ಒಂದನ್ನೂ ಮಾರಲಿಲ್ಲ. ಮಾರಬಹುದು ಎಂಬ ಯೋಚನೆಯೇ ಅವರ ತಲೆಯ ಹತ್ತಿರ ಸುಳಿದಿರಲಿಲ್ಲ. ಚಿತ್ರಗಳು ಮನೆಯಲ್ಲಿ ತಮ್ಮ ಪಾಡಿಗೆ ತಾವು ಬಿಡಾರ ಹೂಡಿದವು. ಬಾಗಿಲ ಹಿಂದೆ ಒಂಬತ್ತು, ಮಂಚದ ಕೆಳಗೆ ಎರಡು ಸಾಲು, ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಉದ್ದನೆಯವು. ಆ ಮನೆಯಲ್ಲಿ ಒಂದು ಹೊದಿಕೆ ಬೇಕೆಂದರೆ ಮೊದಲು ನಾಲ್ಕು ಚಿತ್ರ ಎತ್ತಿಡಬೇಕಿತ್ತು.

ಇಂಥ ಮನೆಯಲ್ಲಿ ಅತ್ತೆ ಇದ್ದರು ಎನ್ನುವುದೇ ದೊಡ್ಡ ಸಂಗತಿ. ಅತ್ತೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವವರು. ಬೆಳಿಗ್ಗೆ ಬಂದದ್ದು ಸಂಜೆಯೊಳಗೆ ಹೊರಡಬೇಕು ಎಂಬುದು ಅವರ ರಕ್ತದಲ್ಲೇ ಸೇರಿಹೋಗಿದೆ. ಕೌಂಟರಿನ ಮೇಲೆ ಒಂದು ಪೊಟ್ಟಣ ಉಳಿದರೂ ಅವರಿಗೆ ಊಟ ಸೇರುವುದಿಲ್ಲ. ಗಂಡ ಬಿಡಿಸಿದ್ದರ ಬಗ್ಗೆ ಅವರು ಒಂದು ದಿನವೂ ಒಳ್ಳೆಯ ಮಾತಾಡಿದ್ದು ನನಗೆ ನೆನಪಿಲ್ಲ. ಇಡೀ ಮನೆಯಲ್ಲಿ ಅವರೇ ಮೊಳೆ ಹೊಡೆದು ನೇತುಹಾಕಿದ್ದು ಒಂದೇ ಚಿತ್ರ. ಅಡುಗೆಮನೆಯ ಗೋಡೆಯಲ್ಲಿ, ಒಲೆಯ ಪಕ್ಕ. ಕಿಟಕಿಯ ಕಟ್ಟೆಯ ಮೇಲಿಟ್ಟ ಬಿಳಿ ಎನಾಮಲ್ ಬೋಗುಣಿ. ಅಂಚಿನಲ್ಲಿ ಚಕ್ಕೆ ಹಾರಿ ಕಪ್ಪಾದ ಜಾಗ.

"ಚೆನ್ನಾಗಿದೆ ಅಂತ ಹಾಕಿದ್ದಲ್ಲ ಕಣೇ," ಎಂದು ನನಗೆ ಎಷ್ಟೋ ಸಲ ಹೇಳಿದ್ದರು. "ಅಲ್ಲಿ ಎಣ್ಣೆ ಕಲೆ ಇದೆ. ಉಜ್ಜಿದ್ರೂ ಹೋಗಲ್ಲ. ಅದನ್ನ ಮುಚ್ಚೋಕೆ ಇದು. ಕಲೆ ಮೇಲೊಂದು ಕಲೆ."

ಜಗಳ ಹೊತ್ತಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ. ಅತ್ತೆ ಬೀರುವಿನ ಮೇಲಿಂದ ಸೂಟ್‌ಕೇಸ್ ಇಳಿಸಲು ಹೋದರು. ಸೂಟ್‌ಕೇಸಿನ ಜೊತೆಗೆ ಮೊಟ್ಟೆಸಿಪ್ಪೆಯ ಚಿತ್ರವೂ ಇಳಿಯಿತು, ನೇರವಾಗಿ ಅವರ ಕಾಲ ಹೆಬ್ಬೆರಳಿಗೆ. ನಾನು ಹೋಗುವ ಹೊತ್ತಿಗೆ ಅವರು ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಬಣ್ಣದ ಡಬ್ಬಿ ಅವರ ತೊಡೆಯ ಮೇಲಿತ್ತು. ಮಾವ ಎದುರಿಗೆ ತಪ್ಪು ಮಾಡಿದ ಶಾಲಾಮಗುವಿನ ಹಾಗೆ ನಿಂತಿದ್ದರು.

"ಇವಳೂ ಇದ್ದಾಳೆ, ಸಾಕ್ಷಿಗಾಯ್ತು," ಎಂದರು ಅತ್ತೆ. "ಇನ್ಮೇಲೆ ಈ ಮನೇಲಿ ಒಂದು ಹೊರಗೆ ಹೋಗೋವರೆಗೂ ಇನ್ನೊಂದು ಹುಟ್ಟಕೂಡದು. ಈ ಡಬ್ಬಿ ನನ್ನ ಬೀರುನಲ್ಲಿರುತ್ತೆ."

"ಯಾರಿಗಾದ್ರೂ ಕೊಟ್ಬಿಡ್ತೀನಿ ಕಣೇ," ಎಂದರು ಮಾವ. "ನಾಳೆನೇ."

"ಕೊಟ್ರೆ ಆಗಲ್ಲ. ಮಾರಬೇಕು. ನನಗೆ ಬೇಕು ಅಂತ ಕಾಸು ಕೊಟ್ಟು ತಗೊಂಡು ಹೋಗಬೇಕು. ನಿಮ್ಮ ಮುಖ ನೋಡಿ ದಾಕ್ಷಿಣ್ಯಕ್ಕೆ ಒಯ್ದು ಮಂಚದ ಕೆಳಗೆ ತಳ್ಳೋದಾದ್ರೆ, ಮಂಚ ನಮ್ಮನೇಲೂ ಇದೆ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಮಾವ ಬಿಡಿಸೋದು ಕಲ್ತ್ರು, ಬಿಡೋದು ಕಲೀಲಿಲ್ಲ."

ಮಾತು ಒರಟಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ಬಣ್ಣದ ಡಬ್ಬಿ ಬೀರು ಸೇರಿದ ಮೇಲೆ ಮಾವ ಮಾವನಾಗಿ ಉಳಿಯಲಿಲ್ಲ. ಸಂಜೆ ಬಾಲ್ಕನಿಯಲ್ಲಿ ಸುಮ್ಮನೆ ಕೂತು ಬೆರಳು ಮಡಚುತ್ತ ಬಿಚ್ಚುತ್ತ ಇರುತ್ತಿದ್ದರು. ಮಾತಾಡಿಸಿದರೆ ಹೂಂ ಎನ್ನುತ್ತಿದ್ದರು, ಏನಕ್ಕೆ ಹೂಂ ಎಂದದ್ದು ಎಂದು ಕೇಳಿದರೆ ಅದಕ್ಕೂ ಹೂಂ. ಕೈಯ ತುರಿಕೆಯನ್ನು ಅವರು ಆಸ್ಪತ್ರೆಯಲ್ಲಿ ತೀರಿಸಿಕೊಳ್ಳತೊಡಗಿದರು. ಒಬ್ಬ ನಿವೃತ್ತ ತಹಶೀಲ್ದಾರರಿಗೆ ಕಟ್ಟಿದ ಮುಂಭಾಗದ ಹಲ್ಲುಗಳಲ್ಲಿ ಒಂದಕ್ಕೆ ತೆಳ್ಳನೆಯ ಕಂದು ಗೆರೆ, ಇನ್ನೊಂದರ ಬುಡಕ್ಕೆ ಒಂಚೂರು ಹಳದಿ ಬಳಿದುಬಿಟ್ಟರು. ನಿಜವಾದ ಹಲ್ಲು ಹಾಗೇ ಇರುತ್ತದೆ ಎಂಬುದು ಅವರ ವಾದ. ತಹಶೀಲ್ದಾರರು ಕನ್ನಡಿ ನೋಡಿಕೊಂಡು, "ಹೊಸ ಹಲ್ಲಿಗೆ ಅಂತ ಬಂದ್ರೆ ಯಾರದೋ ಹಳೇದು ಕೊಡ್ತೀರಲ್ರೀ," ಎಂದು ಆಸ್ಪತ್ರೆ ಒಂದು ಮಾಡಿದರು. ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು, "ನಿಮ್ಮ ಮಾವನಿಗೆ ಏನಾಗಿದೆ ವಿಚಾರಿಸು. ಹೀಗಾದ್ರೆ ಕಷ್ಟ," ಎಂದರು. ಬಿಡಿಸದಿದ್ದರೆ ಈ ಮನುಷ್ಯ ಕರಗಿಹೋಗುತ್ತಾರೆ ಎಂದು ಆವತ್ತು ಗೊತ್ತಾಯಿತು.

ಒಂದು ಚಿತ್ರ ಮಾರಬೇಕು, ಅಷ್ಟೇ ತಾನೇ ಎಂದುಕೊಂಡು ಹೊರಟೆವು. ಪೇಟೆಯಲ್ಲಿ ಚಿತ್ರಗಳನ್ನು ಇಟ್ಟು ಮಾರುವ ಒಂದು ಹಾಲ್ ಇತ್ತು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಒಳಗೆ ನಡೆದರೂ ಸದ್ದಾಗದ ನೆಲ. ಅದರ ಯಜಮಾನರು ಟವೆಲಿನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಸಹಿ ಎಲ್ಲಿ?"

"ಬೆನ್ನ ಮೇಲಿದೆ ಸಾರ್. ಪೆನ್ಸಿಲ್ಲಲ್ಲಿ. ಸೆಟ್ಟಿಗೂ ಹಾಗೇ, ಒಳಮೈಗೆ ನಂಬರ್ ಹಾಕ್ತೀವಿ."

ಯಾವ ಸೆಟ್ಟು ಎಂದು ಅವರು ಕೇಳಲಿಲ್ಲ. "ಇದುವರೆಗೆ ನಿಮ್ಮ ಕೆಲಸ ಎಲ್ಲೆಲ್ಲಿ ಪ್ರದರ್ಶನ ಆಗಿದೆ?"

ಮಾವ ಪ್ರಾಮಾಣಿಕವಾಗಿ ಯೋಚಿಸಿದರು. "ಬಾಯಲ್ಲಿ ಸಾರ್," ಎಂದರು.

ಮೊದಲು ಬೇರೆ ಎಲ್ಲಾದರೂ ಒಂದಷ್ಟು ಮಾರಾಟವಾಗಲಿ, ಆಮೇಲೆ ಬನ್ನಿ ಎಂದು ಅವರು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಮೊದಲನೆಯದು ಮಾರುವುದಕ್ಕೇ ತಾನೇ ಬಂದದ್ದು ಎಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ಮಾವ ಕೈ ಹಿಡಿದು ಎಳೆದುಕೊಂಡು ಹೋದರು.

ಆಗ ಬುದ್ಧಿ ಓಡಿಸಿದ್ದು ನಾನು, ಆದ್ದರಿಂದ ಮುಂದಿನ ಅನಾಹುತವೂ ನನ್ನದೇ. ನಮ್ಮ ಮುಂದಿನ ಕೋಣೆಯಲ್ಲಿ ದಿನಕ್ಕೆ ನಲವತ್ತು ಜನ ಕೂರುತ್ತಾರೆ. ಕೆನ್ನೆ ಹಿಡಿದುಕೊಂಡು ಎದುರಿನ ಗೋಡೆ ನೋಡುವುದು ಬಿಟ್ಟರೆ ಬೇರೆ ಕೆಲಸ ಅವರಿಗಿಲ್ಲ. ಆ ಗೋಡೆಯ ಮೇಲೆ ಮಾವನ ಚಿತ್ರ ಹಾಕಿದರೇನು. ಡಾಕ್ಟರಮ್ಮ ಒಪ್ಪಿದರು. ಹಲ್ಲಿನ ಚಿತ್ರ ಮಾತ್ರ ಬೇಡ, ಜನ ಹೆದರುತ್ತಾರೆ ಎಂದರು. ಐದು ಚಿತ್ರ ಆರಿಸಿ ಹಾಕಿದೆವು. ಕೆಳಗೆ ನಾನೇ ನನ್ನ ದುಂಡು ಅಕ್ಷರದಲ್ಲಿ ಒಂದು ರಟ್ಟಿನ ಬೋರ್ಡು ಬರೆದು ಅಂಟಿಸಿದೆ: "ಕಲೆಗಾಗಿ ಒಳಗೆ ವಿಚಾರಿಸಿ." ಅದನ್ನು ಬರೆದು ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನವೇ ಟೈ ಕಟ್ಟಿಕೊಂಡ ಒಬ್ಬ ಇನ್ಷೂರೆನ್ಸ್ ಏಜೆಂಟರು ಬೋರ್ಡು ಓದಿ, ಅತ್ತಿತ್ತ ನೋಡಿ, ನನ್ನ ಹತ್ತಿರ ಬಂದು ಪಿಸುಗುಟ್ಟಿದರು. ಕಲೆಯ ವಿಷಯ ಯಾರನ್ನು ಕೇಳಬೇಕು ಎಂದರು. ನಾನು ಕುಣಿಯುವುದೊಂದು ಬಾಕಿ. ನೇರವಾಗಿ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲಲ್ಲೇ ನಿಂತೆ. ಮಾವ ಮೇಣದ ಚಾಕು ಕೆಳಗಿಟ್ಟು ಎದ್ದು ನಿಂತರು.

"ಬನ್ನಿ, ಬನ್ನಿ. ಕೂತ್ಕೊಳ್ಳಿ."

"ನನಗೆ ಕಲೆ ಇದೆ ಸಾರ್."

"ಹೌದಾ. ತುಂಬ ಸಂತೋಷ. ಎಷ್ಟು ವರ್ಷದಿಂದ?"

"ಕಾಲೇಜಿನಿಂದ. ಟೀ ಸ್ವಲ್ಪ ಜಾಸ್ತಿ ನನಗೆ."

"ಟೀ ಇಲ್ದೆ ಆಗಲ್ಲ ಬಿಡಿ. ನನಗೂ ಅಷ್ಟೇ."

ಏಜೆಂಟರಿಗೆ ಧೈರ್ಯ ಬಂತು. "ಹೋಗುತ್ತಾ ಸಾರ್?"

"ಕಲೆನಾ? ಎಲ್ಲಿ ಹೋಗುತ್ತೆ. ಒಂದ್ಸಲ ಬಂತು ಅಂದ್ರೆ ಉಸಿರಿರೋವರೆಗೂ ಇರುತ್ತೆ. ನನಗೆ ಏಳನೇ ವಯಸ್ಸಿಗೇ ಬಂತು."

"ಉಜ್ಜಿದ್ರೆ?"

"ಉಜ್ಜಬೇಕು. ದಿನಾ ಉಜ್ಜಬೇಕು. ಉಜ್ಜಿದಷ್ಟೂ ಎದ್ದು ಕಾಣುತ್ತೆ."

"ಎದ್ದು ಕಾಣೋದು ಬೇಡ ಸಾರ್. ಮುಂದಿನ ವಾರ ದೊಡ್ಡ ಸಾಹೇಬರ ಜೊತೆ ಮೀಟಿಂಗಿದೆ."

"ಅದಕ್ಯಾಕೆ ನಾಚಿಕೆ," ಎಂದು ಮಾವ ಅವರ ಭುಜ ತಟ್ಟಿದರು. "ಸಾಹೇಬರಿಗೂ ಧೈರ್ಯವಾಗಿ ತೋರ್ಸಿ. ಮುಚ್ಚಿಟ್ಕೊಂಡು ಮುಚ್ಚಿಟ್ಕೊಂಡೇ ನಾನು ಇಪ್ಪತ್ತೆರಡು ವರ್ಷ ಹಾಳು ಮಾಡ್ಕೊಂಡೆ."

ಆ ಪುಣ್ಯಾತ್ಮರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದುಕೊಂಡು ಎದ್ದರು. ಅಷ್ಟರಲ್ಲಿ ನನಗೆ ಎಲ್ಲ ಹೊಳೆದು, ನಾಲಿಗೆ ಕಚ್ಚಿಕೊಂಡು, ಅವರನ್ನು ನಡುವಿನ ಕೋಣೆಗೆ ದಾಟಿಸಿದೆ. ಡಾಕ್ಟರಮ್ಮ ಇಪ್ಪತ್ತು ನಿಮಿಷದಲ್ಲಿ ಅವರ ಕಲೆ ಕಳೆದು ಕಳಿಸಿದರು. ಆ ತಿಂಗಳು ಬೋರ್ಡು ನೋಡಿ ವಿಚಾರಿಸಿದವರು ಹನ್ನೊಂದು ಜನ, ಹನ್ನೊಂದೂ ಜನ ಹಲ್ಲು ಉಜ್ಜಿಸಿಕೊಂಡು ಹೋದರು. ಟವೆಲು ಅಲ್ಲೇ ಇತ್ತು, ಬಿಸಿಲೂ ಅಲ್ಲೇ ಇತ್ತು. ಬೋರ್ಡು ತೆಗೆಯಲು ಹೋದರೆ ಡಾಕ್ಟರಮ್ಮ, "ಇರಲಿ ಬಿಡು, ಪಾಪ, ಅದರ ಪಾಡಿಗೆ ಅದಿದೆ," ಎಂದರು. ಅವರ ಪಾಪ ಬೋರ್ಡಿನ ಮೇಲೋ ಹನ್ನೊಂದು ಜನರ ಫೀಸಿನ ಮೇಲೋ ಎಂದು ನನಗೆ ಗೊತ್ತಿರಲಿಲ್ಲವೇ.

ಈ ಕತೆಯನ್ನು ಅತ್ತೆಗೆ ಹೇಳಿದಾಗ ಅವರು ಒಲೆಯ ಮುಂದೆ ನಿಂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮಾವ ಮಾತ್ರ ನಗಲಿಲ್ಲ, ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದರು. ಅತ್ತೆಯ ನಗು ನಿಂತಿತು. ಗೋಡೆಯ ಮೇಲಿನ ಬೋಗುಣಿಯ ಚಿತ್ರ ತೆಗೆದು ನನ್ನ ಕೈಗಿಟ್ಟರು.

"ಅಷ್ಟಗಲದ್ದು ಯಾರು ತಗೋತಾರೆ. ಚಿಕ್ಕದೊಂದಿರಲಿ. ಇದನ್ನೂ ಹಾಕು. ಗೋಡೆಗೆ ನಾನು ಸುಣ್ಣ ಬಳಿಸ್ಕೋತೀನಿ."

"ನಿಜವಾಗ್ಲೂ ಕೊಡ್ತೀರಾ ಅತ್ತೆ?"

"ನನಗೇನಾಗಬೇಕು ಅದರಿಂದ," ಎಂದರು. ಆದರೂ ಪಾರ್ಸೆಲ್ ಕೌಂಟರಿನ ಶಿಸ್ತಿನಲ್ಲಿ ನಾಲ್ಕೂ ಮೂಲೆಗೆ ರಟ್ಟು ಮಡಚಿ, ಹುರಿ ಬಿಗಿದು ಕಟ್ಟಿಕೊಟ್ಟರು.

ಅದನ್ನು ನನ್ನ ಮೇಜಿನ ಪಕ್ಕಕ್ಕೇ ಹಾಕಿದೆ. ಆ ವಾರ ಗಡಿಯಾರದ ತಾತ ಮೇಲಿನ ಹಲ್ಲುಸೆಟ್ಟಿಗಾಗಿ ಬರುತ್ತಿದ್ದರು. ಹಿಂದಿನ ಬೀದಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವರು, ಊರಿಗೆಲ್ಲ ತಾತ. ಅಳತೆಗೆ ಒಂದು ದಿನ, ಕಚ್ಚಿ ನೋಡಲು ಒಂದು ದಿನ, ಸೆಟ್ಟು ಕೈಗೆ ಬರಲು ಒಂದು ದಿನ. ಮೂರು ದಿನವೂ ಅವರು ಅದೇ ಕುರ್ಚಿಯಲ್ಲಿ ಕೂತು ಅದೇ ಬೋಗುಣಿ ನೋಡಿದರು. ಮೂರನೇ ದಿನ ಹೊಸ ಹಲ್ಲು ಹಾಕಿಕೊಂಡು ಹೊರಬಂದವರು ಮಾವನನ್ನು ಕರೆದು ಚಿತ್ರದ ಕಡೆ ಬೆರಳು ತೋರಿಸಿದರು. ಹೊಸ ಹಲ್ಲಿನಲ್ಲಿ ಮಾತು ಇನ್ನೂ ಉರುಳುತ್ತಿತ್ತು.

"ಇದು ಕೊಡೋದಾ? ಎಷ್ಟು?"

ನಾವು ಬೆಲೆಯನ್ನು ಯೋಚಿಸಿಯೇ ಇರಲಿಲ್ಲ, ಕೇಳುವವರು ಬಂದರೆ ತಾನೇ. ಮಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಗೆ ಅವರ ಬಾಯಿಂದ ಬಂದದ್ದು, ಮೂವತ್ತು ವರ್ಷದಿಂದ ಪ್ರತಿ ಸೆಟ್ಟು ಕೊಡುವಾಗಲೂ ಹೇಳುವ ಮಾತು.

"ಹತ್ತು ದಿನ ಹಾಕಿ ನೋಡಿ. ಎಲ್ಲಾದ್ರೂ ಒತ್ತಿದ್ರೆ ತಗೊಂಡು ಬನ್ನಿ."

ಹೆದರಿಕೆಯಲ್ಲಿ ಬಾಯಿತಪ್ಪಿ ಬಂದ ಆ ಮಾತಿನ ಮೇಲೆಯೇ ನಮ್ಮ ಮಾವನ ವ್ಯಾಪಾರ ಇವತ್ತಿಗೂ ನಡೆಯುತ್ತಿದೆ. ಒಯ್ಯಿರಿ, ಗೋಡೆಗೆ ಹಾಕಿ, ಹತ್ತು ದಿನ ಇರಲಿ. ಹನ್ನೊಂದನೇ ದಿನ ಮಾವ ಸುತ್ತಿಗೆ, ಮೊಳೆ ಹಿಡಿದುಕೊಂಡು ಹೋಗುತ್ತಾರೆ. ಒತ್ತುತ್ತಾ ಎಂದು ಕೇಳುತ್ತಾರೆ. ಕೆಲವರು ಒತ್ತುತ್ತೆ ಎಂದು ವಾಪಸು ಕೊಟ್ಟದ್ದೂ ಉಂಟು. ಹೆಚ್ಚಿನವರು ಕೊಡುವುದಿಲ್ಲ. ಏಕೆಂದರೆ ಅಷ್ಟರಲ್ಲಿ ಆ ಚಿತ್ರ ತೆಗೆದರೆ ಗೋಡೆ ಬೋಳಾಗಿ ಕಾಣುತ್ತದೆ. ಮಾವ ಇದನ್ನು ತಮ್ಮ ಕಸುಬಿನ ಭಾಷೆಯಲ್ಲೇ ಹೇಳುತ್ತಾರೆ: ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಖಾಲಿ ಮೊಳೆಗೆ ಕಣ್ಣು ಹೋಗುತ್ತದೆ. ಗಾಜಿನ ಬಾಗಿಲಿನ ಯಜಮಾನರು ಹೋದ ವರ್ಷ ತಾವಾಗಿಯೇ ಫೋನು ಮಾಡಿದ್ದರು. ಮಾವ ಅವರಿಗೂ ಹತ್ತು ದಿನಕ್ಕೇ ಕೊಟ್ಟರು.

ಅದೆಲ್ಲ ಆಮೇಲಿನ ಮಾತು. ತಾತ ಬೋಗುಣಿ ಒಯ್ದ ಆ ಹತ್ತು ದಿನದಲ್ಲಿ ನಾಲಿಗೆ ಹೋಗುವ ಜಾಗ ಬೇರೆ ಒಂದು ಮನೆಯಲ್ಲಿ ಆಗಿತ್ತು.

ಮೂರನೇ ದಿನ ನಾನು ಹೋದಾಗ ಅತ್ತೆ ಅಡುಗೆಮನೆಯ ಗೋಡೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದರು. ಐದನೇ ದಿನ ಸುಣ್ಣ ಬಳಿಸಿದರು. ಏಳನೇ ದಿನ ಅಲ್ಲಿ ಕ್ಯಾಲೆಂಡರ್ ನೇತಾಡುತ್ತಿತ್ತು. ಎಂಟನೇ ದಿನ ಕ್ಯಾಲೆಂಡರ್ ಹೋಗಿ ಸೌಟಿನ ಸ್ಟ್ಯಾಂಡು ಬಂದಿತ್ತು. ಒಂಬತ್ತನೇ ದಿನ ಗೋಡೆ ಖಾಲಿ, ಅತ್ತೆ ಅದರ ಮುಂದೆ ನಿಂತಿದ್ದರು, ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು.

"ಸುಣ್ಣ ಹಾಕಿದ್ರೂ ಕಲೆ ಕಾಣ್ತಾನೇ ಇದೆ," ಎಂದರು.

ಕಲೆ ಎಲ್ಲೂ ಕಾಣುತ್ತಿರಲಿಲ್ಲ. ಗೋಡೆ ಹಾಲಿನಂತಿತ್ತು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದನ್ನ ವಾಪಸ್ ತನ್ನಿ," ಎಂದರು ಅತ್ತೆ, ಗೋಡೆಯ ಕಡೆಗೇ ಮುಖ ಮಾಡಿಕೊಂಡು. "ಅವ್ರಿಗೆ ಬೇರೆ ಕೊಡಿ. ದೊಡ್ಡದು ಕೊಡಿ."

"ಅವರು ಕೇಳಿದ್ದು ಅದನ್ನೇ ಕಣೇ. ಇಪ್ಪತ್ತೆರಡು ವರ್ಷದಲ್ಲಿ ಬೇಕು ಅಂತ ಕೇಳಿದೋರು ಅವರೊಬ್ಬರೇ." "ಅದು ವಾಪಸ್ ಬಂದ್ರೆ ಮಾರಾಟ ಇಲ್ಲ. ಮಾರಾಟ ಇಲ್ದಿದ್ರೆ ಡಬ್ಬಿ ಇಲ್ಲ. ನನ್ನ ಕೈ ನೋಡು ಹೇಗಾಗಿದೆ. ಬಿಡೋದು ಕಲೀಬೇಕು ಅಂದೋಳು ನೀನೇ."

ಅತ್ತೆ ಒಲೆ ಆರಿಸಿ, ಉಕ್ಕಿದ ಹಾಲು ಒರೆಸತೊಡಗಿದರು. ಮರುದಿನ ಬೆಳಿಗ್ಗೆ ಕಚೇರಿಗೆ ಅರ್ಧ ದಿನ ರಜ ಹಾಕಿ ನನ್ನ ಮುಂದೆ ಬಂದು ನಿಂತರು. ಕಂಕುಳಲ್ಲಿ ಒಂದು ದೊಡ್ಡ ಕಟ್ಟು, ಹುರಿ ಬಿಗಿದದ್ದು. ಬಿಸಿಲಿನ ಚಿತ್ರ.

"ನಡಿ. ಬದಲಾಯಿಸ್ಕೊಂಡು ಬರೋಣ. ನಿಮ್ಮ ಮಾವನಿಗೆ ಹೇಳ್ಬೇಡ."

ಹೋಗುವ ದಾರಿಯಲ್ಲಿ ನನಗೆ ಅತ್ತೆಯ ಮೇಲೆ ಕೋಪ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಷ್ಟು ವರ್ಷ ಮೂಗು ಮುರಿದವರು, ಈಗ ಒಬ್ಬರು ಆಸೆಪಟ್ಟು ಒಯ್ದದ್ದನ್ನು ಕಿತ್ತುಕೊಳ್ಳಲು ಹೊರಟಿದ್ದಾರಲ್ಲ ಎಂದು.

ಅಂಗಡಿ ಎಂದರೆ ಒಂದು ಬಾಗಿಲಿನಷ್ಟು ಅಗಲ. ಮೂರು ಗೋಡೆಯ ತುಂಬ ಗಡಿಯಾರ, ಒಂದು ಹೇಳಿದ ಗಂಟೆ ಇನ್ನೊಂದು ಹೇಳುತ್ತಿರಲಿಲ್ಲ. ತಾತ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತಿದ್ದರು. ಅವರು ಕೂತಲ್ಲಿಗೆ ಎದುರಿನ ಗೋಡೆಯಲ್ಲಿ, ತಲೆಗಿಂತ ಮೇಲಕ್ಕೆ, ಎರಡು ಗಡಿಯಾರ ಇಳಿಸಿ ಮಾಡಿದ ಜಾಗದಲ್ಲಿ, ಬೋಗುಣಿ ಇತ್ತು. ನನ್ನನ್ನು ಕಂಡದ್ದೇ ಅವರು ಭೂತಗನ್ನಡಿ ತೆಗೆದರು.

"ಹತ್ತು ದಿನ ಆಯ್ತಲ್ಲ, ನಾನೇ ಬರೋನಿದ್ದೆ ತಾಯಿ. ಹಲ್ಲು ಒತ್ತುತ್ತೆ, ಎಡಗಡೆ. ಚಿತ್ರ ಒತ್ತಲ್ಲ. ಮೇಲಿನ ಸೆಟ್ಟಿಗೆ ಎಷ್ಟು ಕೊಟ್ನೋ ಅದಕ್ಕೂ ಅಷ್ಟೇ ಕೊಡ್ತೀನಿ ಅಂತ ನಿಮ್ಮ ಮಾವನಿಗೆ ಹೇಳಿ. ಕಮ್ಮಿ ಆಯ್ತು ಅಂದ್ರೆ ಕೆಳಗಿನದ್ದೂ ಕಟ್ಟಿಸ್ಕೋತೀನಿ."

ನಾನು ನಕ್ಕೆ. ಅತ್ತೆ ನಗಲಿಲ್ಲ. ಕಟ್ಟನ್ನು ಕೌಂಟರಿಗೆ ಒರಗಿಸಿ ನಿಂತಿದ್ದರು. ಬಿಚ್ಚಲಿಲ್ಲ.

"ದಿನವೆಲ್ಲ ಸಾಸಿವೆಯಷ್ಟು ಚಕ್ರ ನೋಡ್ತೀನಮ್ಮ," ಎಂದು ತಾತ ಅತ್ತೆಗೆ ಹೇಳಿದರು, ಅವರು ಯಾರೆಂದು ತಿಳಿಯದೆ. "ಕಣ್ಣೆತ್ತಿದ್ರೆ ಎದುರಿಗೆ ಬರೀ ಟೈಮು. ಕಣ್ಣು ಕೂರೋಕೆ ಜಾಗಾನೇ ಇರಲಿಲ್ಲ. ಈಗ ಅದರ ಮೇಲೆ ಕೂರುತ್ತೆ. ಯಾರೋ ಈಗ ತಾನೇ ತೊಳೆದು ಇಟ್ಟು ಆಕಡೆ ತಿರುಗಿದ್ದಾರೆ ಅನ್ಸುತ್ತೆ."

"ಯಾರೋ ಅಲ್ಲ," ಎಂದರು ಅತ್ತೆ.

"ಹೌದು, ಯಾರೋ ಅಲ್ಲ. ಮೇಲೆಲ್ಲ ಎಣ್ಣೆಹೊಗೆ ಕೂತಿತ್ತು. ಗಡಿಯಾರದ ಗಾಜು ಒರೆಸೋ ಹತ್ತಿ ತಗೊಂಡು ಎರಡು ದಿನ ಒರೆಸಿದೆ. ಆಮೇಲೆ ಕಾಣ್ಸಿದ್ದು. ಇಲ್ಲಿ ಬನ್ನಿ, ಇದನ್ನ ಕಣ್ಣಿಗಿಟ್ಕೊಂಡು ನೋಡಿ. ಚಕ್ಕೆ ಹಾರಿದೆಯಲ್ಲ, ಅದರ ಕೆಳಗೆ."

ಅತ್ತೆ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಗೋಡೆಯ ಹತ್ತಿರ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಆಮೇಲೆ ನಾನೂ ನೋಡಿದೆ. ಬೋಗುಣಿಯ ಹೊಳಪು ಹೊಟ್ಟೆಯಲ್ಲಿ ಕಿಟಕಿಯ ಬೆಳಕು ಬಾಗಿ ಬಿದ್ದಿತ್ತು. ಆ ಬೆಳಕಿನೊಳಗೆ, ಅಕ್ಕಿಕಾಳಿಗಿಂತ ದೊಡ್ಡದಲ್ಲ, ಒಬ್ಬ ಹೆಂಗಸು ಎರಡೂ ಕೈ ಎತ್ತಿ ಕೂದಲು ಕಟ್ಟಿಕೊಳ್ಳುತ್ತಿದ್ದಳು. ಮುಖವಿಲ್ಲ, ಮೂಗಿಲ್ಲ. ಎಡಗೈ ಮೊಣಕೈಯನ್ನು ಸ್ವಲ್ಪ ಹೆಚ್ಚಾಗಿ ಹೊರಗೆ ಚಾಚುವ ಆ ರೀತಿ ಮಾತ್ರ ಇತ್ತು. ಹಾಗೆ ಕೂದಲು ಕಟ್ಟುವವರು ನಮ್ಮ ಮನೆಯಲ್ಲಿ ಒಬ್ಬರೇ. ಬಿಳಿಗಳಲ್ಲಿ ಅತಿ ಬೆಚ್ಚನೆಯ ಬಿಳಿ ಆ ಅಕ್ಕಿಕಾಳಿನ ಸುತ್ತ ಇತ್ತು.

ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಒಂದನೇ ನಂಬರು ಇದ್ದ ಚಿತ್ರ ಅದು, ಇಪ್ಪತ್ತೆರಡು ವರ್ಷದಲ್ಲಿ ಮಾವ ಬಿಡಿಸಿದ ಮೊದಲನೆಯದು. ತಮ್ಮನ್ನೇ ಹೊತ್ತ ಚಿತ್ರವನ್ನು ಅತ್ತೆ ಒಲೆಯ ಪಕ್ಕ ನೇತುಹಾಕಿ, ಹೊಗೆ ಹಿಡಿಸಿ, ಕಲೆ ಮುಚ್ಚಲು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮಾವನೂ ಸರಿಯಾದವರೇ, ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಇನ್ನು ಅತ್ತೆ ಇದನ್ನು ಬಿಟ್ಟುಹೋಗುವುದಿಲ್ಲ, ಮಾವನ ಡಬ್ಬಿ ಬೀರುವಿನಲ್ಲೇ ಕೊಳೆಯುತ್ತದೆ ಎಂದುಕೊಂಡೆ.

ಅತ್ತೆ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ತಾತನ ಕೈಗೆ ಕೊಟ್ಟರು.

"ಮೊಳೆ ನಾಲ್ಕು ಬೆರಳು ಕೆಳಗೆ ಹೊಡೀರಿ," ಎಂದರು. "ಕೂತಲ್ಲಿಂದ ನಿಮಗೆ ಕತ್ತು ನೋವು ಬರುತ್ತೆ."

ಕಟ್ಟನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲಿಳಿದರು. ದಾರಿಯಲ್ಲಿ ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡರು. ನನಗೆ ಬೆಳಗಿನ ಕೋಪಕ್ಕೆ ನಾಚಿಕೆಯಾಯಿತು.

ಸಂಜೆ ಮಾವ ಮನೆಗೆ ಬಂದಾಗ ಬಣ್ಣದ ಡಬ್ಬಿ ಬಾಲ್ಕನಿಯ ಸ್ಟೂಲಿನ ಮೇಲಿತ್ತು. ಪಕ್ಕದಲ್ಲಿ ತೊಳೆದ ಕುಂಚಗಳು, ಒಂದು ಲೋಟ ನೀರು. ಮಾವ ಡಬ್ಬಿ ಮುಟ್ಟಿ ನೋಡಿದರು, ಅಡುಗೆಮನೆಗೆ ಬಂದರು. ಅತ್ತೆ ತರಕಾರಿ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

"ಆ ಮೊಳೆ ಖಾಲಿ ಇದೆ," ಎಂದರು. "ಅಲ್ಲಿಗೊಂದು ಬೇಕು ನನಗೆ. ಈ ಸಲ ಅಕ್ಕಿಕಾಳಿನಷ್ಟು ಬೇಡ. ಕನ್ನಡಕ ಇಲ್ದೆ ಕಾಣೋ ಹಾಗಿರಲಿ."

ಮಾವ ನನ್ನ ಕಡೆ ನೋಡಿದರು. ನಾನು ಸುಣ್ಣ ಬಳಿದ ಗೋಡೆ ನೋಡಿದೆ. ಅವರ ಕಣ್ಣು ತುಂಬಿತು, ಕೈ ಆಗಲೇ ಬೆರಳು ಬಿಚ್ಚಿ ಮಡಚುತ್ತಿತ್ತು.

"ಕೂತ್ಕೋತೀಯಾ?" ಎಂದು ಕೇಳಿದರು. "ಬೆಳಕು ಹೋಗೋದ್ರೊಳಗೆ."

ಅತ್ತೆ ಚಾಕು ಕೆಳಗಿಟ್ಟರು. ಕೈ ತೊಳೆದು, ಎರಡೂ ಕೈ ಮೇಲೆತ್ತಿ, ಎಡ ಮೊಣಕೈ ಸ್ವಲ್ಪ ಹೆಚ್ಚಾಗಿಯೇ ಚಾಚಿ, ಬಿಚ್ಚಿದ ಕೂದಲು ಕಟ್ಟಿಕೊಳ್ಳುತ್ತ ಬಾಲ್ಕನಿಯ ಕಡೆ ನಡೆದರು.

"ಹತ್ತು ದಿನ ಹಾಕಿ ನೋಡ್ತೀನಿ," ಎಂದರು. "ಒತ್ತಿದ್ರೆ ಹೇಳ್ತೀನಿ."